ಕಂಡದ್ದೆಷ್ಟು, ಕಟ್ಟಿಕೊಂಡದ್ದೆಷ್ಟು

ಎರಡು ಎಕ್ಸ್-ರೇ ಚಿತ್ರಗಳು, ಎರಡೂ ಕೈಗಳವು. ಅವನ್ನು ಪಕ್ಕಪಕ್ಕದಲ್ಲಿಟ್ಟು ‘ಇವೆರಡರ ನಡುವೆ ಏನೇನು ವ್ಯತ್ಯಾಸ ಕಾಣುತ್ತದೆ, ಬರೆಯಿರಿ’ ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೈದ್ಯ ವಿದ್ಯಾರ್ಥಿಗಳಿಗೆ ಹೇಳಿದವರು ಜೇನ್ ಅಬರ್‌ಕ್ರಾಂಬಿ. ಆಕೆ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಇದು ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳ ಮಾತು. ಕೆಲಸ ತೀರಾ ಸುಲಭದ್ದೆಂದು ವಿದ್ಯಾರ್ಥಿಗಳಿಗೆ ಅನ್ನಿಸಿರಬೇಕು. ಒಂದು ಮಗುವಿನ ಕೈ, ಇನ್ನೊಂದು ದೊಡ್ಡವರದು. ಇದನ್ನು ಕಾಣುವುದಕ್ಕೆ ವೈದ್ಯಕೀಯ ಓದಬೇಕಾಗಿಲ್ಲ.

ಬರೆದದ್ದಾದ ಮೇಲೆ ಹನ್ನೆರಡು ಜನರ ಗುಂಪು ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರ ಉತ್ತರದ ಪಕ್ಕಕ್ಕೆ ಇಟ್ಟು ನೋಡತೊಡಗಿತು. ತೊಡಕು ಶುರುವಾದದ್ದು ಅಲ್ಲಿಂದ. ‘ಎರಡನೆಯ ಕೈ ದೊಡ್ಡದು’ ಎಂದು ಬರೆದವನಿಗೆ, ದೊಡ್ಡದಾಗಿರುವುದು ಚಿತ್ರ, ಕೈ ದೊಡ್ಡದೆಂದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬಂದರೆ ಏನು ಹೇಳಬೇಕು? ಎಕ್ಸ್-ರೇ ಕೊಳವೆ, ಕೈ, ಫಿಲ್ಮು ಇವುಗಳ ನಡುವಿನ ಅಂತರ ಬದಲಾದರೆ ನೆರಳಿನ ಅಳತೆಯೂ ಬದಲಾಗುತ್ತದಲ್ಲ? ‘ಈ ಕೈಯಲ್ಲಿ ಮೂಳೆಗಳ ನಡುವೆ ಖಾಲಿ ಜಾಗವಿದೆ’ ಎಂದವನಿಗೂ ಹಾಗೆಯೇ. ಅಲ್ಲಿ ಮೃದ್ವಸ್ಥಿ ಇದೆ. ಎಕ್ಸ್-ರೇಯಲ್ಲಿ ಅದು ಬೀಳುವುದಿಲ್ಲ, ಅಷ್ಟೇ. ಒಬ್ಬೊಬ್ಬರೂ ತಾವು ‘ಕಂಡೆವು’ ಎಂದು ಬರೆದ ಸಾಲುಗಳಲ್ಲಿ ಅರ್ಧಕ್ಕರ್ಧ ತಾವೇ ಕಟ್ಟಿಕೊಂಡದ್ದು ಎಂದು ಆ ಕೋಣೆಯಲ್ಲಿ ಬಯಲಾಗುತ್ತಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಬಹಳಷ್ಟು ಊಹೆಗಳು ಸರಿಯಾಗಿಯೂ ಇದ್ದವು. ಆದರೆ ಅವು ಊಹೆಗಳೆಂಬುದು ಬರೆದವರಿಗೇ ತಿಳಿದಿರಲಿಲ್ಲ.

ಇಂಥ ಚರ್ಚೆಗಳ ಒಂದು ಕೋರ್ಸನ್ನೇ ಅಬರ್‌ಕ್ರಾಂಬಿ ನಡೆಸಿದರು. ಆ ಅನುಭವವನ್ನು 1960ರಲ್ಲಿ ‘ದಿ ಅನಾಟಮಿ ಆಫ್ ಜಡ್ಜ್‌ಮೆಂಟ್’ ಎಂಬ ಪುಸ್ತಕದಲ್ಲಿ ಬರೆದರು. ಕೋರ್ಸಿನಲ್ಲಿ ಕೂತಿದ್ದವರಿಗೂ ಕೂತಿರದವರಿಗೂ ಒಂದೇ ಪರೀಕ್ಷೆ ಕೊಟ್ಟು ಹೋಲಿಸಿದರು. ಕೂತಿದ್ದವರು ಕಂಡದ್ದನ್ನೂ ತೀರ್ಮಾನವನ್ನೂ ಬೇರೆ ಮಾಡಿ ಹೇಳುವುದರಲ್ಲಿ ಮುಂದಿದ್ದರು. ಆಧಾರವಿಲ್ಲದ ತೀರ್ಮಾನಗಳು ಅವರಲ್ಲಿ ಕಡಿಮೆ. ಒಂದು ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿರಬಹುದೆಂದು ಯೋಚಿಸುತ್ತಿದ್ದರು. ಹಿಂದಿನ ಲೆಕ್ಕ ಬಿಡಿಸಿದ ದಾರಿಯನ್ನೇ ಮುಂದಿನದಕ್ಕೂ ಹೇರುವ ಅಭ್ಯಾಸವೂ ಕಡಿಮೆಯಾಗಿತ್ತು.

ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಲಿಕೆಯಲ್ಲಿ ‘ಗುಂಪು ಚರ್ಚೆ’ ಎಂಬ ಮಾತು ಈಗ ಎಲ್ಲೆಲ್ಲೂ ಇದೆ. ವಿದ್ಯಾರ್ಥಿಗಳು ಚುರುಕಾಗುತ್ತಾರೆ, ಮಾತು ಬರುತ್ತದೆ, ಆತ್ಮವಿಶ್ವಾಸ ಹೆಚ್ಚುತ್ತದೆ ಎಂದೆಲ್ಲ ಅದರ ಗುಣಗಾನ ನಡೆಯುತ್ತದೆ. ಅದೆಲ್ಲ ನಿಜವಿರಬಹುದು. ನನಗೆ ಮುಖ್ಯವೆನಿಸುವುದು ಅಬರ್‌ಕ್ರಾಂಬಿ ಕಂಡುಕೊಂಡ ಸಂಗತಿ. ಮಾಹಿತಿಯನ್ನು ಪಾಠ ಕೊಡುತ್ತದೆ, ಪುಸ್ತಕ ಕೊಡುತ್ತದೆ, ಈಗ ಮೊಬೈಲೂ ಕೊಡುತ್ತದೆ. ತಾನು ನೋಡಿದ್ದಕ್ಕೆ ತಾನೇ ಏನು ಸೇರಿಸಿಕೊಂಡೆ ಎಂಬುದು ಮಾತ್ರ ಒಬ್ಬರೇ ಕೂತು ಓದುವಾಗ ಗೊತ್ತಾಗುವುದಿಲ್ಲ. ಅದೇ ಚಿತ್ರವನ್ನು ಬೇರೆಯಾಗಿ ನೋಡಿದ ಇನ್ನೊಬ್ಬರು ಎದುರಿಗೆ ಬೇಕು.

ಆಸ್ಪತ್ರೆಯಲ್ಲಿ ಇದರ ಬೆಲೆ ಜೀವದ ಬೆಲೆ. ಎದೆ ಉರಿ ಎಂದು ಬಂದ ಐವತ್ತೈದರ ರೈತನ ಚೀಟಿಯ ಮೇಲೆ ಮೊದಲು ನೋಡಿದವರು ‘ಗ್ಯಾಸ್ಟ್ರಿಕ್’ ಎಂದು ಬರೆದರೆ, ಮುಂದೆ ಆ ಚೀಟಿ ಹಿಡಿದ ಎಲ್ಲರೂ ಗ್ಯಾಸ್ಟ್ರಿಕ್ಕನ್ನೇ ನೋಡುತ್ತಾರೆ. ಆತ ಹೇಳಿದ್ದು ಉರಿ. ಗ್ಯಾಸ್ಟ್ರಿಕ್ ಎಂಬುದು ಬರೆದವರ ತೀರ್ಮಾನ. ಹೃದಯಾಘಾತ ಈ ಎರಡರ ನಡುವಿನ ಸಂದಿಯಲ್ಲಿ ತಪ್ಪಿಸಿಕೊಂಡುಬಿಡುತ್ತದೆ. ರೋಗನಿರ್ಣಯದ ತಪ್ಪುಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2015ರಲ್ಲಿ ಕೊಟ್ಟ ವರದಿ, ಬಹುತೇಕ ಎಲ್ಲರೂ ಜೀವಮಾನದಲ್ಲಿ ಒಮ್ಮೆಯಾದರೂ ಇಂಥ ತಪ್ಪಿಗೆ ಒಳಗಾಗುತ್ತಾರೆ ಎಂದಿತು. ಆ ವರದಿಯ ಮೊದಲ ಶಿಫಾರಸು ಹೊಸ ಯಂತ್ರದ್ದಲ್ಲ. ವೈದ್ಯರು, ನರ್ಸುಗಳು, ರೋಗಿ, ಮನೆಯವರು ಸೇರಿ ಯೋಚಿಸುವ ವ್ಯವಸ್ಥೆ ಬೇಕು ಎನ್ನುವುದೇ ಅದು.

ಚರ್ಚೆಯನ್ನು ಪಾಠದ ಪಕ್ಕದ ಅಲಂಕಾರವಾಗಿ ಇಟ್ಟುಕೊಳ್ಳದೆ ಇಡೀ ಕಾಲೇಜನ್ನೇ ಅದರ ಮೇಲೆ ಕಟ್ಟಿದ್ದು ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ. 1969ರಲ್ಲಿ ಅಲ್ಲಿಯ ಹೊಸ ವೈದ್ಯಕೀಯ ಶಾಲೆಗೆ ಮೊದಲ ತಂಡವಾಗಿ ಸೇರಿದವರು 20 ಜನ. ಸ್ಥಾಪಕ ಡೀನ್ ಜಾನ್ ಇವಾನ್ಸ್ ಮತ್ತು ಅವರ ಜತೆಗಾರರು ಮೂರು ವರ್ಷದ ಕೋರ್ಸು ರೂಪಿಸಿದರು. ಅಂಗರಚನೆ ಒಂದು ವರ್ಷ, ಔಷಧಶಾಸ್ತ್ರ ಇನ್ನೊಂದು ವರ್ಷ, ಆಮೇಲೆ ರೋಗಿ ಎಂಬ ಹಳೆಯ ಕ್ರಮ ಅಲ್ಲಿರಲಿಲ್ಲ. ಮೊದಲ ವಾರಗಳಿಂದಲೇ ಒಬ್ಬ ರೋಗಿಯ ಕತೆ ಸಣ್ಣ ಗುಂಪಿನ ಮುಂದೆ ಬರುತ್ತಿತ್ತು. ಈ ಕತೆ ಅರ್ಥವಾಗಬೇಕಾದರೆ ನಮಗೆ ಏನು ಗೊತ್ತಿರಬೇಕು ಎಂದು ವಿದ್ಯಾರ್ಥಿಗಳೇ ಕೇಳಿಕೊಂಡು, ಹೋಗಿ ಓದಿ, ಮತ್ತೆ ಬಂದು ಕೂರಬೇಕು. ಪ್ರಾಬ್ಲಂ ಬೇಸ್ಡ್ ಲರ್ನಿಂಗ್ ಎಂದು ಜಗತ್ತಿನ ತುಂಬ ಹೆಸರಾದದ್ದು ಇದು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ 1974ರಲ್ಲಿ ಇದೇ ದಾರಿ ಹಿಡಿಯಿತು. ಹಾರ್ವರ್ಡ್ ವೈದ್ಯಕೀಯ ಶಾಲೆ 1985ರಲ್ಲಿ ‘ನ್ಯೂ ಪಾತ್‌ವೇ’ ಎಂಬ ಹೆಸರಿನಲ್ಲಿ ತನ್ನದೇ ರೂಪ ಕೊಟ್ಟುಕೊಂಡಿತು.

ಮಾಸ್ಟ್ರಿಕ್ಟ್‌ನವರು ಇದನ್ನು ಏಳು ಹೆಜ್ಜೆಗಳ ಕ್ರಮವಾಗಿ ಮಾಡಿದರು. ಮೊದಲ ದಿನ ಗೊತ್ತಿಲ್ಲದ ಪದಗಳನ್ನು ಬಿಡಿಸಿಕೊಂಡು, ಸಮಸ್ಯೆ ಏನೆಂದು ಗೊತ್ತುಮಾಡಿ, ತಲೆಗೆ ಬಂದ ವಿವರಣೆಗಳನ್ನೆಲ್ಲ ಬೋರ್ಡಿನ ಮೇಲೆ ಹಾಕಿ, ಅವುಗಳನ್ನು ಒಂದಕ್ಕೊಂದು ಜೋಡಿಸಿ, ಎಲ್ಲಿ ತಿಳಿವಳಿಕೆ ಸಾಲದು ಎಂದು ಪ್ರಶ್ನೆ ಬರೆದುಕೊಳ್ಳುವುದು. ನಡುವೆ ಒಂದೆರಡು ದಿನ ಒಬ್ಬೊಬ್ಬರೇ ಓದುವುದು. ಮತ್ತೆ ಸೇರಿದಾಗ ಓದಿದ್ದನ್ನು ಸಮಸ್ಯೆಗೆ ಹಚ್ಚಿ ನೋಡುವುದು. ಇದರಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುವುದು ಮೊದಲ ದಿನದ ಮಾತು. ಏನೂ ಓದದ ಮಕ್ಕಳು ಮುಕ್ಕಾಲು ಗಂಟೆ ಏನು ಚರ್ಚಿಸುತ್ತಾರೆ? ಅಜ್ಞಾನವನ್ನು ಹಂಚಿಕೊಳ್ಳುತ್ತಾರೆಯೇ?

ಈ ಪ್ರಶ್ನೆಗೆ ಹೆಂಕ್ ಶ್ಮಿಟ್ ಎಂಬ ಡಚ್ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಒಂದು ಚೊಕ್ಕ ಪ್ರಯೋಗದಿಂದ ಉತ್ತರ ಕೊಟ್ಟರು. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಊದಿ ಒಡೆಯುತ್ತದೆ, ಉಪ್ಪುನೀರಿಗೆ ಹಾಕಿದರೆ ಸುಕ್ಕುತ್ತದೆ. ಯಾಕೆ? ಕೆಲವು ಗುಂಪುಗಳು ಇದನ್ನು ಚರ್ಚಿಸಿದವು. ಬೇರೆ ಗುಂಪುಗಳಿಗೆ ಸಂಬಂಧವಿಲ್ಲದ ಇನ್ನೊಂದು ವಿಷಯ ಕೊಟ್ಟರು. ಆಮೇಲೆ ಎಲ್ಲರೂ ಓದಿದ್ದು ಆಸ್ಮಾಸಿಸ್ ಬಗೆಗಿನ ಒಂದೇ ಪಾಠ. ರಕ್ತಕಣದ ಬಗ್ಗೆ ಮೊದಲೇ ಮಾತಾಡಿದ್ದವರು ಪಾಠವನ್ನು ಹೆಚ್ಚು ನೆನಪಿಟ್ಟುಕೊಂಡಿದ್ದರು. ಚರ್ಚೆಯಲ್ಲಿ ಅವರು ಕೊಟ್ಟುಕೊಂಡ ವಿವರಣೆಗಳು ತಪ್ಪಿದ್ದರೂ ಚಿಂತೆಯಿಲ್ಲ. ಒಂದು ಊಹೆಗೆ ಬಾಯಿಬಿಟ್ಟು ಬದ್ಧರಾದವರು ಪುಸ್ತಕ ತೆರೆದಾಗ ಏನನ್ನೋ ಹುಡುಕುತ್ತ ತೆರೆಯುತ್ತಾರೆ.

ಹಾಗೆಂದು ಮೆಕ್‌ಮಾಸ್ಟರ್‌ನ ದಾರಿ ಹೂವಿನ ಹಾಸಾಗಿರಲಿಲ್ಲ. 1980ರ ದಶಕದಲ್ಲಿ ಅಲ್ಲಿಯ ಪದವೀಧರರು ಕೆನಡಾದ ಲೈಸೆನ್ಸ್ ಪರೀಕ್ಷೆಯಲ್ಲಿ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು ಫೇಲಾಗತೊಡಗಿದರು. ಇದನ್ನು ಮುಚ್ಚಿಟ್ಟು ಚರ್ಚೆಯ ಪ್ರಚಾರ ಮಾಡುವುದು ಸರಿಯಲ್ಲ, ಯಾಕೆಂದರೆ ಪಾಠ ಇರುವುದೇ ಇದರಲ್ಲಿ. ಆ ಶಾಲೆಯ ಶುರುವಿನ ದಿನಗಳ ನಂಬಿಕೆ, ಸಮಸ್ಯೆ ಬಿಡಿಸುವ ಕೌಶಲ ಕಲಿಸಿದರೆ ಸಾಕು, ಅದು ಎಲ್ಲ ರೋಗಕ್ಕೂ ಒದಗುತ್ತದೆ ಎಂಬುದಾಗಿತ್ತು. 1978ರಲ್ಲಿ ಆರ್ಥರ್ ಎಲ್‌ಸ್ಟೈನ್ ಮತ್ತು ಜತೆಗಾರರು ಅನುಭವಿ ವೈದ್ಯರು ಯೋಚಿಸುವ ಬಗೆಯನ್ನು ಅಧ್ಯಯನ ಮಾಡಿ, ಒಂದು ರೋಗದಲ್ಲಿ ಚೆನ್ನಾಗಿ ಯೋಚಿಸಿದವರು ಇನ್ನೊಂದರಲ್ಲೂ ಹಾಗೆಯೇ ಯೋಚಿಸುತ್ತಾರೆಂಬ ಖಾತರಿಯಿಲ್ಲ ಎಂದು ತೋರಿಸಿದರು. ಆಯಾ ವಿಷಯದ ತಿಳಿವಳಿಕೆ ಇರಲೇಬೇಕು. ಮೆಕ್‌ಮಾಸ್ಟರ್ ಚರ್ಚೆಯನ್ನು ಕೈಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ‘ಪ್ರೋಗ್ರೆಸ್ ಟೆಸ್ಟ್’ ತಂದಿತು. ಕೋರ್ಸಿನ ಎಲ್ಲ ವರ್ಷದವರೂ ಕೆಲವು ತಿಂಗಳಿಗೊಮ್ಮೆ ಪದವೀಧರ ಮಟ್ಟದ ಒಂದೇ ಪ್ರಶ್ನೆಪತ್ರಿಕೆ ಬರೆಯುವುದು. ಅಂಕ ಏರುತ್ತಿದೆಯೋ ಇಲ್ಲವೋ ಎಂದು ತಾವೇ ನೋಡಿಕೊಳ್ಳುವುದು. ಲೈಸೆನ್ಸ್ ಪರೀಕ್ಷೆಯ ಫಲಿತಾಂಶ ಚೇತರಿಸಿಕೊಂಡಿತು. ಗುಂಪಿನಲ್ಲಿ ಯೋಚಿಸುವುದು ಒಬ್ಬರೇ ಓದುವುದಕ್ಕೆ ಪರ್ಯಾಯ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇಪ್ಪತ್ತು ಜನರ ಕಾಲೇಜಿನ ಕತೆ ನಮಗೇನು ಪ್ರಯೋಜನ ಎಂದು ನಮ್ಮ ಅಧ್ಯಾಪಕರು ಕೇಳುವುದು ನ್ಯಾಯವೇ. ಇಲ್ಲಿ ಒಂದು ವರ್ಷಕ್ಕೆ 150 ಜನ, ಕೆಲವೆಡೆ 250. ಹತ್ತು ಜನಕ್ಕೊಬ್ಬ ಟ್ಯೂಟರ್ ಎಂದರೂ 25 ಮಂದಿ ಬೇಕು. ಕೆಲವು ವಿಭಾಗಗಳಲ್ಲಿ ಬೆರಳೆಣಿಕೆಯ ಜನ ಸಿಕ್ಕರೆ ಹೆಚ್ಚು. ಇದೇ ತೊಂದರೆಗೆ ಸಿಕ್ಕಿಕೊಂಡವರು ಅಮೆರಿಕದ ಒಕ್ಲಹಾಮಾ ವಿಶ್ವವಿದ್ಯಾಲಯದ ಲ್ಯಾರಿ ಮೈಕೆಲ್‌ಸನ್. ಅವರು ವೈದ್ಯರಲ್ಲ, ವಾಣಿಜ್ಯ ಆಡಳಿತ ಕಲಿಸುತ್ತಿದ್ದವರು. 1970ರ ದಶಕದ ಕೊನೆಯಲ್ಲಿ ಅವರ ತರಗತಿ 40ರಿಂದ 120ಕ್ಕೆ ಏರಿತು. ಚರ್ಚೆ ಬಿಟ್ಟು ಭಾಷಣಕ್ಕೆ ಇಳಿಯಲು ಅವರಿಗೆ ಮನಸ್ಸಾಗಲಿಲ್ಲ. ಅವರು ಕಟ್ಟಿದ ಟೀಮ್ ಬೇಸ್ಡ್ ಲರ್ನಿಂಗ್ 2000ದ ನಂತರ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕಾಲೇಜುಗಳಿಗೆ ಹಬ್ಬಿತು. ಸಿಂಗಪುರದ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಶಾಲೆ ಅದನ್ನೇ ತನ್ನ ಬೋಧನೆಯ ಬುನಾದಿ ಮಾಡಿಕೊಂಡಿತು.

ಅದು ನಡೆಯುವ ರೀತಿ ಸ್ವಲ್ಪ ಹತ್ತಿರದಿಂದ ನೋಡಬೇಕಾದಂಥದ್ದು. ಒಂದೇ ಸಭಾಂಗಣ, ಒಬ್ಬರೇ ಅಧ್ಯಾಪಕರು, ಐದರಿಂದ ಏಳು ಜನರ ತಂಡಗಳು. ವಿದ್ಯಾರ್ಥಿಗಳು ಓದಿಕೊಂಡೇ ಬರುತ್ತಾರೆ. ಮೊದಲು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಒಂದು ಕಿರುಪರೀಕ್ಷೆ ಬರೆದು ಒಪ್ಪಿಸುತ್ತಾರೆ. ಕೂಡಲೇ ಅದೇ ಪ್ರಶ್ನೆಗಳು ತಂಡದ ಮುಂದೆ ಬರುತ್ತವೆ, ಕೈಗೆ ಒಂದು ಕಾರ್ಡು. ಲಾಟರಿ ಚೀಟಿಯ ಹಾಗೆ ಉಗುರಿನಿಂದ ಕೆರೆದರೆ ಮೇಲಿನ ಲೇಪ ಹೋಗುತ್ತದೆ. ಸರಿಯುತ್ತರದ ಕೆಳಗೆ ಒಂದು ಗುರುತಿದೆ. ಮೊದಲ ಕೆರೆತಕ್ಕೇ ಸಿಕ್ಕರೆ ಪೂರ್ತಿ ಅಂಕ, ಎರಡನೆಯದಕ್ಕೆ ಕಡಿಮೆ. ಕೆರೆದದ್ದನ್ನು ಮತ್ತೆ ಮುಚ್ಚಲಾಗದು. ಆದ್ದರಿಂದ ಉಗುರು ತಾಗಿಸುವ ಮುಂಚೆ ತಂಡ ನಿಜವಾಗಿ ಮಾತಾಡಲೇಬೇಕು. ‘ಬಿ ಅಂತ ನನಗೆ ಗ್ಯಾರಂಟಿ’ ಎಂದು ಜೋರಾಗಿ ಹೇಳಿದವನ ಮಾತಿಗೆ ಎಲ್ಲರೂ ತಲೆಯಾಡಿಸಿ ಕೆರೆದು, ಗುರುತು ಕಾಣದಿದ್ದಾಗ, ಮೂಲೆಯಲ್ಲಿ ಮೆಲ್ಲಗೆ ‘ಡಿ ಇರಬಹುದೇನೋ’ ಎಂದಿದ್ದ ಹುಡುಗಿಯ ಕಡೆ ಎಲ್ಲರ ಮುಖ ತಿರುಗುತ್ತದೆ. ಮುಂದಿನ ಪ್ರಶ್ನೆಗೆ ಅವಳನ್ನು ಕೇಳದೆ ಯಾರೂ ಕೆರೆಯುವುದಿಲ್ಲ. ದೊಡ್ಡ ದನಿಗೂ ಸರಿಯುತ್ತರಕ್ಕೂ ಸಂಬಂಧವಿಲ್ಲ ಎಂಬುದನ್ನು ಐದು ನಿಮಿಷದಲ್ಲಿ ಹೀಗೆ ಕಲಿಸುವ ಭಾಷಣ ಯಾವುದೂ ಇಲ್ಲ.

ಇದೆಲ್ಲದರಿಂದ ನಿಜಕ್ಕೂ ಕಲಿಕೆ ಹೆಚ್ಚುತ್ತದೆಯೇ? ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ ಬಗ್ಗೆ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು. ಅದು ವೈದ್ಯಕೀಯದ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ವೈದ್ಯಕೀಯದಲ್ಲಿ 2008ರ ಒಂದು ಸಮೀಕ್ಷೆ, ಪ್ರಾಬ್ಲಂ ಬೇಸ್ಡ್ ಲರ್ನಿಂಗ್‌ನಲ್ಲಿ ಕಲಿತವರು ವೃತ್ತಿಗೆ ಬಂದ ಮೇಲೆ ಅನಿಶ್ಚಿತತೆಯನ್ನು ನಿಭಾಯಿಸುವುದು, ರೋಗಿಯೊಂದಿಗೆ ಮಾತಾಡುವುದು, ನೀತಿಯ ಪ್ರಶ್ನೆಗಳನ್ನು ಗುರುತಿಸುವುದು ಇಂಥ ವಿಷಯಗಳಲ್ಲಿ ಮುಂದಿದ್ದರೆಂದು ಹೇಳಿತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಿಂದ 2019ರಲ್ಲಿ ಬಂದ ಇನ್ನೊಂದು ಅಧ್ಯಯನ. ಗುಂಪಿನಲ್ಲಿ ತಾವೇ ಬಿಡಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದಂತೆ ಅನ್ನಿಸಿತ್ತು, ಅಂಕ ಕಡಿಮೆ ಬಂತು. ‘ಸರ್ ಪಾಠ ಮಾಡಿದ್ರೆ ಚೆನ್ನಾಗಿತ್ತು, ಡಿಸ್ಕಷನ್ನಲ್ಲಿ ಟೈಮ್ ವೇಸ್ಟು’ ಎಂಬ ದೂರಿನ ಮೂಲ ಇಲ್ಲಿದೆ. ತಡವರಿಸುವುದು ಕಲಿಯುತ್ತಿರುವುದರ ಲಕ್ಷಣವೇ ಆಗಿರಬಹುದೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು.

ನಮ್ಮಲ್ಲಿ ನಿಯಮಕ್ಕೆ ಕೊರತೆಯಿಲ್ಲ. ಉಪನ್ಯಾಸಗಳು ಒಟ್ಟು ಅವಧಿಯ ಮೂರನೇ ಒಂದು ಭಾಗವನ್ನು ಮೀರಬಾರದು, ಉಳಿದದ್ದು ಪ್ರಾಯೋಗಿಕ, ಕ್ಲಿನಿಕಲ್, ಗುಂಪು ಚರ್ಚೆಗಳಿಗೆ ಎಂದು ಭಾರತೀಯ ವೈದ್ಯಕೀಯ ಪರಿಷತ್ತು 1997ರ ನಿಯಮಾವಳಿಯಲ್ಲೇ ಬರೆದಿತ್ತು. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಗೆ ಬಂತು. ಒಂದು ತಿಂಗಳ ಫೌಂಡೇಶನ್ ಕೋರ್ಸು, ಅದರೊಳಗೆ ಸ್ಥಳೀಯ ಭಾಷೆಯ ಕಲಿಕೆ, ಮೊದಲ ವರ್ಷದಿಂದಲೇ ರೋಗಿಗಳ ಸಂಪರ್ಕ, ನಡವಳಿಕೆ-ನೀತಿ-ಸಂವಹನಕ್ಕೆಂದೇ ‘ಎಟ್‌ಕಾಮ್’ ಎಂಬ ಪಾಠಮಾಲೆ ಎಲ್ಲ ಸೇರಿದವು. ಎಟ್‌ಕಾಮ್‌ನ ಮೊದಲ ವರ್ಷದ ಒಂದು ಘಟಕ, ಅಂಗರಚನೆಯ ಮೇಜಿನ ಮೇಲಿರುವ ಮೃತದೇಹವನ್ನು ಮೊದಲ ಗುರುವೆಂದು ಕಾಣುವುದರ ಬಗೆಗಿನದು. ಹದಿನೆಂಟು ವರ್ಷದ ಮಕ್ಕಳು ಸಾವನ್ನು, ದೇಹದಾನ ಮಾಡಿದವರ ಮನೆಯವರನ್ನು ಕುರಿತು ಒಟ್ಟಿಗೆ ಕೂತು ಮಾತಾಡಲು ಪಠ್ಯಕ್ರಮವೇ ಜಾಗ ಮಾಡಿಕೊಟ್ಟಿರುವುದು ದೊಡ್ಡ ಸಂಗತಿ.

ಆದರೆ ವೇಳಾಪಟ್ಟಿಯಲ್ಲಿ ‘ಎಸ್‌ಜಿಡಿ’ (ಸಣ್ಣ ಗುಂಪಿನ ಚರ್ಚೆ) ಎಂದು ಬರೆದ ಗಂಟೆಯಲ್ಲಿ ಹಲವೆಡೆ ನಡೆಯುವುದು ಬೇರೆ. 50 ಜನರ ಬ್ಯಾಚು, ಮುಂದೆ ಪರದೆ. ರೋಲ್ ನಂಬರ್ ಪ್ರಕಾರ ಒಬ್ಬಳು ಬಂದು ಪಿಪಿಟಿ ಓದುತ್ತಾಳೆ, ಮುಂದಿನ ಟಾಪಿಕ್ಕು ತನ್ನದಾದ ಹುಡುಗ ಅದನ್ನೇ ತಿದ್ದುತ್ತ ಕೂತಿರುತ್ತಾನೆ, ಉಳಿದವರು ಮೊಬೈಲಿನಲ್ಲಿ ನೀಟ್ ಪಿಜಿಯ ಎಂಸಿಕ್ಯೂ ಬಿಡಿಸುತ್ತಾರೆ. ಕೊನೆಗೆ ಅಧ್ಯಾಪಕರು ‘ಎನಿ ಡೌಟ್ಸ್?’ ಎಂದು ಕೇಳಿ ಲಾಗ್‌ಬುಕ್ಕಿಗೆ ಸಹಿ ಹಾಕುತ್ತಾರೆ. ಇದಕ್ಕೆ ವಿದ್ಯಾರ್ಥಿಗಳನ್ನಾಗಲಿ ಅಧ್ಯಾಪಕರನ್ನಾಗಲಿ ಬೈದು ಫಲವಿಲ್ಲ. ಅಲ್ಲಿ ಚರ್ಚಿಸಲು ಏನೂ ಇರುವುದಿಲ್ಲ. ಟಾಪಿಕ್ಕಿಗೆ ಭಿನ್ನಾಭಿಪ್ರಾಯ ಹುಟ್ಟಿಸುವ ಶಕ್ತಿಯಿಲ್ಲ. ‘ಡೆಂಗಿಯ ಲಕ್ಷಣಗಳು’ ಎಂದರೆ ಪುಸ್ತಕದಲ್ಲಿರುವಷ್ಟನ್ನು ಹೇಳಿ ಮುಗಿಸಬಹುದು. ಒಬ್ಬ ರೋಗಿಯನ್ನು ಮುಂದಿಟ್ಟರೆ ಮಾತ್ರ ಜನ ಬೇರೆ ಬೇರೆಯಾಗಿ ಯೋಚಿಸುತ್ತಾರೆ.

ನಮ್ಮದೇ ನೆಲದ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಎಂಟು ಜನರ ಗುಂಪಿಗೆ ಒಂದು ಹಾಳೆ ಸಿಕ್ಕಿದೆ. ಸಾಗರ ತಾಲ್ಲೂಕಿನ 38 ವರ್ಷದ ಮಹಿಳೆ, ಕೂಲಿ ಕೆಲಸ. ಫೆಬ್ರವರಿ ತಿಂಗಳು. ನಾಲ್ಕು ದಿನದಿಂದ ಜೋರು ಜ್ವರ, ಸಿಡಿಯುವ ತಲೆನೋವು, ಸೊಂಟದಲ್ಲೂ ಮೀನಖಂಡದಲ್ಲೂ ವಿಪರೀತ ನೋವು. ಕಣ್ಣು ಕೆಂಪು. ಇವತ್ತು ಬೆಳಿಗ್ಗೆಯಿಂದ ಒಸಡಿನಲ್ಲಿ ರಕ್ತ.

‘ಡೆಂಗಿ’ ಎಂದು ಒಬ್ಬಳು ಹಾಳೆ ಕೆಳಗಿಡುವ ಮೊದಲೇ ಹೇಳುತ್ತಾಳೆ. ‘ಇಲಿಜ್ವರ ಯಾಕಾಗಬಾರದು? ಕಣ್ಣು ಕೆಂಪಿದೆ, ಮೀನಖಂಡ ನೋವಿದೆ’ ಎಂದು ಇನ್ನೊಬ್ಬ. ‘ಫೆಬ್ರವರಿಯಲ್ಲಿ ಇಲಿಜ್ವರಾನಾ? ಮಳೆ ಎಲ್ಲಿದೆ ಮಾರಾಯಾ?’ ಟ್ಯೂಟರ್ ಮೇಡಂ ಮೊದಲ ಹುಡುಗಿಯ ಕಡೆ ತಿರುಗುತ್ತಾರೆ: ‘ಡೆಂಗಿ ಅಂದೆಯಲ್ಲಮ್ಮ, ಈ ಹಾಳೆಯ ಯಾವ ಸಾಲು ನಿನಗೆ ಹಾಗೆ ಹೇಳಿತು?’ ‘ಜ್ವರ ಇದೆ ಮೇಡಂ, ಪ್ಲೇಟ್‌ಲೆಟ್ ಕಡಿಮೆಯಾಗಿದೆ...’ ‘ಎಲ್ಲಿ ಬರೆದಿದೆ ತೋರಿಸು.’ ಆಕೆ ಹುಡುಕುತ್ತಾಳೆ. ಪ್ಲೇಟ್‌ಲೆಟ್ ಎಂಬ ಮಾತೇ ಹಾಳೆಯಲ್ಲಿಲ್ಲ. ಒಸಡಿನ ರಕ್ತವನ್ನು ನೋಡಿ ಅದನ್ನು ಅವಳೇ ಸೇರಿಸಿಕೊಂಡಿದ್ದಾಳೆ. ಲಂಡನ್ನಿನ ಎಕ್ಸ್-ರೇ ಕೋಣೆಯಲ್ಲಿ ಆದದ್ದು ಇದೇ.

ಅಷ್ಟು ಹೊತ್ತು ಸುಮ್ಮನಿದ್ದ ಹೊಸನಗರದ ಕಡೆಯ ಹುಡುಗ ಈಗ ಬಾಯಿಬಿಡುತ್ತಾನೆ. ‘ಇವರು ತರಗೆಲೆ ತರೋಕೆ ಕಾಡಿಗೆ ಹೋಗಿದ್ರಾ? ಆ ಕಡೆ ಮಂಗ ಸತ್ತಿತ್ತಾ?’ ದೆಹಲಿಯಿಂದಲೋ ಕೇರಳದಿಂದಲೋ ಬಂದ ಸಹಪಾಠಿಗಳಿಗೆ ತರಗೆಲೆಗೂ ಜ್ವರಕ್ಕೂ ಏನು ನಂಟು ಎಂದು ಹೊಳೆಯುವುದಿಲ್ಲ. ಅವನು ವಿವರಿಸುತ್ತಾನೆ. ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಎಲೆ ಗುಡಿಸುವ ಕಾಲ ಇದು. ಕಾಡಿನ ನೆಲದಲ್ಲಿ ಜ್ವರ ಹರಡುವ ಉಣುಗು ಹೆಚ್ಚು. ತನ್ನೂರಿನಲ್ಲಿ ಮಂಗ ಸತ್ತುಬಿದ್ದರೆ ಆರೋಗ್ಯ ಇಲಾಖೆಯವರು ಬರುತ್ತಾರೆ. ತರಗತಿಯಲ್ಲಿ ಇಂಗ್ಲಿಷ್ ಸರಾಗವಾಗಿ ಬಾರದೆ ಹಿಂದಿನ ಬೆಂಚು ಹಿಡಿದಿದ್ದವನು ಈ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದಾನೆ. ಆದರೆ ಟ್ಯೂಟರ್ ಅವನನ್ನೂ ಬಿಡಬಾರದು. ‘ಹಾಗಾದರೆ ಮಂಗನ ಕಾಯಿಲೆ ಅಂತ ತೀರ್ಮಾನ ಮಾಡಿಬಿಟ್ಟೆಯಾ? ಮಲೆನಾಡಿನಲ್ಲಿ ಡೆಂಗಿ ಬರುವುದಿಲ್ಲವಾ?’ ಊರಿನ ಅನುಭವವೂ ಒಂದು ಕನ್ನಡಕವೇ. ಮಂಗನ ಬಗ್ಗೆ ಹಾಳೆಯಲ್ಲಿ ಏನೂ ಇಲ್ಲ, ಯಾಕೆಂದರೆ ಹಿಸ್ಟರಿ ತೆಗೆದವರು ಅದನ್ನು ಕೇಳಿಯೇ ಇಲ್ಲ.

ಆಮೇಲೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ನಾಲ್ಕನೆಯ ದಿನಕ್ಕೆ ಯಾವ ಪರೀಕ್ಷೆ ಮಾಡಬೇಕು? ಆರ್‌ಟಿ-ಪಿಸಿಆರ್ ಆರಂಭದ ದಿನಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಆಮೇಲೆ. ಇದನ್ನು ಇಬ್ಬರು ಓದಿಕೊಂಡು ಬರಲಿ. ಮಂಗನ ಕಾಯಿಲೆ ನವೆಂಬರಿನಿಂದ ಮೇ ತನಕವೇ ಯಾಕೆ? ಉಣುಗಿನ ಮರಿಗಳು ಚುರುಕಾಗಿರುವ ಕಾಲ ಅದು. ಉಣುಗಿನ ಜೀವನಚಕ್ರ ಒಬ್ಬರಿಗೆ. ಇದಕ್ಕೆಂದೇ ಔಷಧವಿಲ್ಲದಿರುವಾಗ ವಾರ್ಡಿನಲ್ಲಿ ಏನನ್ನು ಗಮನಿಸುತ್ತಿರಬೇಕು? ಜ್ವರ ಬಿಟ್ಟು ಕೆಲದಿನಗಳ ಮೇಲೆ ಕೆಲವರಲ್ಲಿ ನರಮಂಡಲದ ತೊಂದರೆಯೊಂದಿಗೆ ಮರಳುವುದೇಕೆ? ಸೂಕ್ಷ್ಮಜೀವಿಶಾಸ್ತ್ರ, ಮೆಡಿಸಿನ್, ಸಮುದಾಯ ಆರೋಗ್ಯ ಎಂಬ ಗೋಡೆಗಳು ಈ ಹಾಳೆಯ ಮುಂದೆ ನಿಲ್ಲುವುದಿಲ್ಲ.

ಒಬ್ಬರು ಇತಿಹಾಸವನ್ನೂ ಓದಿ ಬರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜ್ವರ ಎಂಬ ಸುದ್ದಿ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಮೂಡಿದ ಅನುಮಾನ ಹಳದಿ ಜ್ವರದ್ದು. ಮಂಗ ಸಾಯುವುದು, ಮನುಷ್ಯರಿಗೆ ಜ್ವರ, ರಕ್ತಸ್ರಾವ: ಆಫ್ರಿಕಾ, ದಕ್ಷಿಣ ಅಮೆರಿಕದ ಅನುಭವ ಹಾಗೆ ಹೇಳುತ್ತಿತ್ತು. ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೆಂದರೆ ಅನಾಹುತ, ಹಾಗಾಗಿ ಆ ಅನುಮಾನ ಬೇಕಾಗಿಯೂ ಇತ್ತು. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾದ ಉಣುಗು ಜ್ವರಗಳ ಬಳಗಕ್ಕೆ ಸೇರಿದ, ಅದುವರೆಗೆ ಯಾರೂ ಕಂಡಿರದ ವೈರಸ್. ಜಗತ್ತಿನ ಶ್ರೇಷ್ಠ ತಜ್ಞರ ಊಹೆಯೂ ಊಹೆಯೇ. ಅವರ ದೊಡ್ಡತನ ಅದನ್ನು ಊಹೆಯೆಂದು ತಿಳಿದು ಪರೀಕ್ಷೆಗೆ ಒಡ್ಡಿದ್ದರಲ್ಲಿದೆ.

ಇಂಥ ಗುಂಪನ್ನು ನಡೆಸುವವರಿಗೆ ಅತಿ ಕಷ್ಟದ ಕೆಲಸ ಸುಮ್ಮನಿರುವುದು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದಿದ್ದವರು ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ನಮ್ಮ ವೈದ್ಯ ಶಿಕ್ಷಕರು ದಿನವಿಡೀ ಓಪಿಡಿಯಲ್ಲಿ ಕ್ಷಣದಲ್ಲಿ ನಿರ್ಧಾರ ಮಾಡಿ ಬಂದವರು. ವಿದ್ಯಾರ್ಥಿ ತಡವರಿಸುವಾಗ ಉತ್ತರ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ತಡೆದುಕೊಳ್ಳುವುದಕ್ಕೂ ತರಬೇತಿ ಬೇಕು. ಆ ತರಬೇತಿಗೆ, ಒಳ್ಳೆಯ ಪ್ರಕರಣಗಳನ್ನು ಬರೆಯುವುದಕ್ಕೆ ಅವರಿಗೆ ಸಮಯ ಬೇಕು. ಅದನ್ನು ಕೆಲಸದ ಲೆಕ್ಕಕ್ಕೆ ಹಿಡಿಯದೆ ಚರ್ಚೆ ಮಾಡಿಸಿ ಎನ್ನುವುದು ಅನ್ಯಾಯ. ಪರೀಕ್ಷೆಯೂ ಬದಲಾಗಬೇಕು. ಥಿಯರಿ ಪೇಪರು ಕಾರಣ-ಲಕ್ಷಣ-ಚಿಕಿತ್ಸೆಗಳ ಪಟ್ಟಿಯನ್ನೇ ಕೇಳುತ್ತಿರುವ ತನಕ ವಿದ್ಯಾರ್ಥಿ ಪಟ್ಟಿಯನ್ನೇ ಓದುತ್ತಾನೆ. ಅವನು ತರ್ಕಬದ್ಧವಾಗಿಯೇ ನಡೆದುಕೊಳ್ಳುತ್ತಿದ್ದಾನೆ.

ಇನ್ನೊಂದು ಮಾತು ಗುಂಪಿನಲ್ಲಿ ಯಾರಿರಬೇಕು ಎಂಬುದರ ಬಗ್ಗೆ. ಒಂದೇ ಆವರಣದಲ್ಲಿ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು, ಫಾರ್ಮಸಿ ಕಾಲೇಜು ಇರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇವರೆಲ್ಲ ನಾಲ್ಕೈದು ವರ್ಷ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ, ಒಂದು ದಿನವೂ ಒಂದೇ ರೋಗಿಯ ಬಗ್ಗೆ ಒಟ್ಟಿಗೆ ಕೂತು ಮಾತಾಡುವುದಿಲ್ಲ. ವಿವಿಧ ವೃತ್ತಿಯವರು ಪರಸ್ಪರ ಜತೆಗೂಡಿ, ಒಬ್ಬರಿಂದೊಬ್ಬರು ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಒಂದು ಚೌಕಟ್ಟು ಕೊಟ್ಟಿದೆ. ರಾತ್ರಿ ಪಾಳಿಯಲ್ಲಿ ರೋಗಿಯ ಉಸಿರು ಬದಲಾದದ್ದನ್ನು ಮೊದಲು ಕಾಣುವುದು ಸಿಸ್ಟರ್. ‘ಡಾಕ್ಟ್ರೇ, ನೀವು ಬರೆದ ಡೋಸ್ ಇನ್ನೊಮ್ಮೆ ನೋಡ್ತೀರಾ’ ಎಂದು ಕೇಳುವ ಧೈರ್ಯವೂ, ಅದನ್ನು ಕೇಳಿಸಿಕೊಳ್ಳುವ ವಿನಯವೂ ಕೆಲಸಕ್ಕೆ ಸೇರಿದ ದಿನ ಇದ್ದಕ್ಕಿದ್ದಂತೆ ಬರಲಾರವು.

ಸಾಗರದ ಆ ಮಹಿಳೆಯ ಪ್ರಕರಣವನ್ನು ವೈದ್ಯ ವಿದ್ಯಾರ್ಥಿಗಳು ಮಾತ್ರ ಚರ್ಚಿಸಿದರೆ ಪಿಸಿಆರ್, ಪ್ಲೇಟ್‌ಲೆಟ್, ಡ್ರಿಪ್ಪಿನ ತನಕ ಬಂದು ನಿಲ್ಲುತ್ತದೆ. ನರ್ಸಿಂಗ್ ವಿದ್ಯಾರ್ಥಿನಿ ಕೂತಿದ್ದರೆ, ಒಸಡಿನಲ್ಲಿ ರಕ್ತ ಬರುತ್ತಿರುವವರಿಗೆ ಬಾಯಿ ಸ್ವಚ್ಛ ಮಾಡುವುದು ಹೇಗೆ, ಇಂಜೆಕ್ಷನ್ ಎಲ್ಲಿ ಕೊಡಬಾರದು ಎಂದು ಕೇಳುತ್ತಾಳೆ. ಮಲೆನಾಡಿನ ಒಬ್ಬ ಆಶಾ ಕಾರ್ಯಕರ್ತೆಯನ್ನು ಆ ದಿನ ಕರೆಸಿದ್ದರೆ ಪ್ರಶ್ನೆಗಳೇ ಬೇರೆಯಾಗುತ್ತವೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಇಲಾಖೆ ಕೊಡುವ ಡೆಪಾ ತೈಲವನ್ನು ಮನೆಮನೆಗೆ ಮುಟ್ಟಿಸುವವರು ಅವರು. ಈ ಹೆಂಗಸಿಗೆ ತೈಲ ಸಿಕ್ಕಿತ್ತೇ? ಸಿಕ್ಕಿದ್ದರೆ ಹಚ್ಚಿಕೊಂಡು ಹೋಗಿದ್ದರೇ, ಮೈ ಜಿಗುಟಾಗುತ್ತದೆಂದು ಶೀಶೆ ಗೂಡಿನಲ್ಲೇ ಉಳಿದಿತ್ತೇ? ಜತೆಯಲ್ಲಿ ಎಲೆ ತರಲು ಹೋದವರು ಇನ್ನೂ ಎಷ್ಟು ಮಂದಿ, ಅವರಲ್ಲಿ ಯಾರಿಗಾದರೂ ಜ್ವರ ಬಂದಿದೆಯೇ? ಈ ಕೊನೆಯ ಪ್ರಶ್ನೆಯನ್ನು ಎಂಟು ಜನ ಭಾವಿ ವೈದ್ಯರಲ್ಲಿ ಒಬ್ಬರೂ ಕೇಳದೆ ಇರಬಹುದು. ಆಶಾ ಮೊದಲು ಕೇಳುವುದೇ ಅದನ್ನು, ಯಾಕೆಂದರೆ ನಾಳೆ ಬೆಳಿಗ್ಗೆ ಆ ಮನೆಗಳ ಬಾಗಿಲು ತಟ್ಟಬೇಕಾದವರು ಅವರು.